ಕಾಂಕ್ರೀಟ್ ಕಣಕ್ಕೆ ನೆಲ ಹದ ಮಾಡುವುದು: ಒಂದು ಕಣ ಕುಸಿದ ಮೇಲೆ ಕಲಿತದ್ದು

2013ರ ಜನವರಿಯ ಒಂದು ಬೆಳಗ್ಗೆ. ರಾಗಿ ಹೊರೆ ತುಂಬಿಕೊಂಡು ಬಂದ ಟ್ರ್ಯಾಕ್ಟರನ್ನು ನಮ್ಮ ಕಣದ ಮೇಲೆ ಹಿಂದಕ್ಕೆ ತಿರುಗಿಸುತ್ತಿದ್ದರು. 'ಧಡ್' ಅಂತ ಸದ್ದಾಯಿತು. ನೋಡುವಷ್ಟರಲ್ಲಿ ಎಡಗಡೆಯ ಹಿಂದಿನ ಚಕ್ರ ಕಾಂಕ್ರೀಟ್ ಒಡೆದುಕೊಂಡು ಒಂದೂವರೆ ಅಡಿ ಕೆಳಗಿಳಿದಿತ್ತು. ಡ್ರೈವರ್ ಹುಡುಗ ಜಿಗಿದುಬಿಟ್ಟ. ಟ್ರೇಲರ್ ಓರೆಯಾಗಿ ನಿಂತಿತು, ಪುಣ್ಯಕ್ಕೆ ಮಗುಚಲಿಲ್ಲ. ಹೊರೆಯ ಮೇಲೆ ಕೂತು ಬಂದಿದ್ದ ಇಬ್ಬರು ಹೆಂಗಸರು ಐದೇ ನಿಮಿಷದ ಹಿಂದೆ ಬೇಲಿಯ ಹತ್ತಿರ ಇಳಿದುಕೊಂಡಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಆ ಕಣಕ್ಕೆ ಆಗಿನ್ನೂ ಒಂದು ವರ್ಷ ಎರಡು ತಿಂಗಳು. 30 ಅಡಿ ಉದ್ದ, 30 ಅಡಿ ಅಗಲ, ನಾಲ್ಕು ಇಂಚು ದಪ್ಪ. ಸಿಮೆಂಟಿನಲ್ಲಿ ಕಳ್ಳತನ ಮಾಡಿರಲಿಲ್ಲ, ಜಲ್ಲಿಯೂ ಚೆನ್ನಾಗಿತ್ತು. ಒಡೆದ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ ಯಾರೂ ಕಾಂಕ್ರೀಟ್ ಕೆಟ್ಟದ್ದು ಅನ್ನಲಿಲ್ಲ. ತಪ್ಪು ಇದ್ದದ್ದು ಅದರ ಕೆಳಗೆ. ಕಣ ಮಾಡಿಸಬೇಕೆಂದಿರುವವರು ಸಿಮೆಂಟ್ ಯಾವ ಕಂಪನಿಯದು, ಕಬ್ಬಿಣ ಹಾಕಬೇಕೇ ಬೇಡವೇ ಎಂದೆಲ್ಲ ಕೇಳುತ್ತಾರೆ. ನೆಲವನ್ನು ಏನು ಮಾಡಬೇಕು ಎಂದು ಕೇಳುವವರು ಕಡಿಮೆ. ನಾನೂ ಕೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಣ ಬೇಕಾದದ್ದು ಯಾಕೆ

ನಮ್ಮದು ಹೊಳೆನರಸೀಪುರ ತಾಲ್ಲೂಕು. ರಾಗಿ, ಜೋಳ, ಸ್ವಲ್ಪ ತೆಂಗು. ಅಪ್ಪನ ಕಾಲದಲ್ಲಿ ಸಗಣಿ ಸಾರಿಸಿದ ಕಣ, ರೋಣಗಲ್ಲು, ಎತ್ತು ಎಲ್ಲ ಇತ್ತು. ಎತ್ತು ಹೋದ ಮೇಲೆ ಕಣವೂ ಹೋಯಿತು. ಊರಿಗೆ ಟಾರು ರಸ್ತೆ ಬಂದದ್ದೇ ತಡ, ಎಲ್ಲರ ಹಾಗೆ ನಾವೂ ರಾಗಿಯನ್ನು ರಸ್ತೆಗೆ ತಂದು ಸುರಿದೆವು. ಬಸ್ಸು, ಲಾರಿ ಹಾದುಹೋದರೆ ಒಕ್ಕಣೆ ಪುಕ್ಕಟೆ!

ಪುಕ್ಕಟೆ ಅಂದುಕೊಂಡದ್ದು ಪುಕ್ಕಟೆ ಆಗಿರಲಿಲ್ಲ. ರಾಗಿಯ ಜೊತೆ ಸಣ್ಣ ಜಲ್ಲಿ, ಮರಳು ಸೇರುತ್ತದೆ. ಎಷ್ಟು ಕೇರಿದರೂ ಮುದ್ದೆಯಲ್ಲಿ ಕಲ್ಲು. ಖರೀದಿ ಕೇಂದ್ರಕ್ಕೆ ಒಯ್ದರೆ ಅಲ್ಲಿ ಕಸಕಡ್ಡಿ ನೋಡುತ್ತಾರೆ, ತೇವ ಶೇ.12ಕ್ಕಿಂತ ಹೆಚ್ಚಿದ್ದರೆ ವಾಪಸ್ಸು. 2010ರ ಡಿಸೆಂಬರಿನಲ್ಲಿ ನಾವೇ ಹರಡಿದ್ದ ರಾಗಿ ಹುಲ್ಲಿನ ಮೇಲೆ ಒಬ್ಬ ಹುಡುಗ ಸಂಜೆಗತ್ತಲಲ್ಲಿ ಬೈಕ್ ಸಮೇತ ಜಾರಿ ಬಿದ್ದ. ಮೂರು ತಿಂಗಳು ಕಾಲಿಗೆ ಕಬ್ಬಿಣದ ಸರಳು ಹಾಕಿಸಿಕೊಂಡು ಮಲಗಿದ. ಪಕ್ಕದೂರಿನವನು, ಬೈದರೂ ಬೈಯಲಿಲ್ಲ. ಆದರೆ ಅವನ ತಾಯಿ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ಮುಂದಿನ ವರ್ಷ ರಸ್ತೆಗೆ ಹಾಕುವುದಿಲ್ಲ ಎಂದು ಅಂದೇ ತೀರ್ಮಾನ ಮಾಡಿದೆ.

ಅವಸರದ ಕೆಲಸ

ತೀರ್ಮಾನವೇನೋ ಮಾಡಿದೆ, ಕೆಲಸಕ್ಕೆ ಕೈ ಹಾಕಿದ್ದು ಮಾತ್ರ 2011ರ ನವೆಂಬರಿನಲ್ಲಿ, ರಾಗಿ ಹೊಲದಲ್ಲಿ ಕೊಯ್ಲಿಗೆ ಬಂದು ನಿಂತಾಗ. ಹಿಂಗಾರು ಆಗತಾನೇ ಸುರಿದು ನಿಂತಿತ್ತು. ನೆಲ ಹಿಟ್ಟಿನ ಹಾಗೆ ಮೆತ್ತಗಿತ್ತು. ಮನೆಯ ಹಿಂದೆ ಹಳೆಯ ಕಣದ ಜಾಗವೇ ಇತ್ತು. 'ಅಜ್ಜನ ಕಾಲದಿಂದ ತುಳಿದ ನೆಲ, ಇದಕ್ಕಿಂತ ಗಟ್ಟಿ ಯಾವುದು' ಅಂದುಕೊಂಡೆ.

ಗಾರೆ ಮೇಸ್ತ್ರಿ ಬಂದು ನೋಡಿ, "ಮೂರು ದಿನದ ಕೆಲ್ಸ ಗೌಡ್ರೆ, ಯೋಚ್ನೆ ಬಿಡಿ" ಅಂದ. ಹುಲ್ಲು ಕೆತ್ತಿದರು. ತಗ್ಗು ಇದ್ದ ಕಡೆ ಪಕ್ಕದ ಮಣ್ಣನ್ನೇ ಎಳೆದು ಸಮ ಮಾಡಿದರು. ಅದರ ಮೇಲೆ ಒಣ ಜಲ್ಲಿ ಹರಡಿ, ಮಾರನೆಯ ದಿನವೇ ಕಾಂಕ್ರೀಟ್. ದಿಮ್ಮಿಸು ಹೊಡೆದದ್ದು ಅಲ್ಲಲ್ಲಿ, ಅದೂ ನಾನು ನೋಡುತ್ತ ನಿಂತಾಗ ಮಾತ್ರ.

ಕೆತ್ತುವಾಗ ನಡುವಿನಲ್ಲಿ ಒಂದು ದೊಡ್ಡ ಚಪ್ಪಡಿ ಕಲ್ಲು ಸಿಕ್ಕಿತು. ಎರಡೂವರೆ ಅಡಿ ಅಗಲ, ನುಣ್ಣಗಿತ್ತು. ಹಾರೆ ಹಾಕಿ ಎಬ್ಬಿಸಿದೆವು. ಕೆಳಗೆ ಸಡಿಲ ಮಣ್ಣು. "ಬಟ್ಟೆ ಒಗೆಯೋಕೆ ಒಳ್ಳೇ ಕಲ್ಲಾಯ್ತು" ಎಂದು ನಮ್ಮ ಮನೆಯವರು ತೊಟ್ಟಿಯ ಪಕ್ಕಕ್ಕೆ ಹಾಕಿಸಿಕೊಂಡರು. ಗುಂಡಿಗೆ ನಾಲ್ಕು ಬಾಂಡ್ಲಿ ಮಣ್ಣು ಸುರಿದು ಮುಂದಕ್ಕೆ ಹೋದೆವು. ಇಷ್ಟು ದೊಡ್ಡ ಚಪ್ಪಡಿ ಅಲ್ಲಿಗೆ ಯಾಕೆ ಬಂತು ಎಂದು ಒಬ್ಬರೂ ಯೋಚಿಸಲಿಲ್ಲ.

ಆ ವರ್ಷದ ಒಕ್ಕಣೆ ಸುಖವಾಗಿ ಮುಗಿಯಿತು. 2012ರ ಮಳೆಯಲ್ಲಿ ಕಣದ ನಡುವೆ ತಟ್ಟೆಯಷ್ಟು ನೀರು ನಿಂತಿತು. ಆಮೇಲೆ ಮೊರದಷ್ಟು. ಕೂದಲೆಳೆಯಂಥ ಬಿರುಕು ಕಾಣಿಸಿತು. ಸಿಮೆಂಟ್ ಹಾಲು ಸುರಿದು ಮುಚ್ಚಿದೆ. ನೆಲ ನಮಗೆ ಆಗಲೇ ಹೇಳುತ್ತಿತ್ತು, ನಾವು ಅದರ ಬಾಯಿಗೆ ಸಿಮೆಂಟ್ ಮೆತ್ತಿದೆವು.

ಕೆಳಗೆ ಇದ್ದದ್ದು

ಟ್ರ್ಯಾಕ್ಟರ್ ಎಳೆದು ತೆಗೆದ ಮೇಲೆ ಆ ತೂತಿನಲ್ಲಿ ಇಣುಕಿದರೆ ಕತ್ತಲು. ಕೋಲು ಇಳಿಸಿದರೆ ತಳ ಸಿಗಲಿಲ್ಲ. ಮುಗ್ಗಲು ವಾಸನೆ. ಒಬ್ಬ ಹುಡುಗ ಹಗ್ಗ ಕಟ್ಟಿಕೊಂಡು ಇಳಿಯಲು ಸಿದ್ಧನಾದ. ಅಷ್ಟರಲ್ಲಿ ಕೋಲೂರಿಕೊಂಡು ಬಂದ ಎಂಬತ್ತು ದಾಟಿದ ನೆರೆಮನೆಯ ತಾತ ಗದರಿಸಿದರು.

"ಲೇ, ಇಳೀಬ್ಯಾಡ! ಅದು ಇವರಜ್ಜನ ಹಗೇವು ಕಣ್ಲಾ. ಮೊದ್ಲು ದೀಪ ಬಿಡ್ರೋ."

ಲಾಟೀನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆವು. ಒಂದಾಳುದ್ದ ಹೋಗುವಷ್ಟರಲ್ಲಿ ಆರಿಹೋಯಿತು.

ಹಳಬರಿಗೆ ಹಗೇವು ಏನೆಂದು ಹೇಳಬೇಕಾಗಿಲ್ಲ. ಚಿಕ್ಕವರಿಗಾಗಿ ಹೇಳುತ್ತೇನೆ. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿದ ಗುಂಡಿ. ಕತ್ತು ಒಬ್ಬ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು, ಮೇಲೆ ಮಣ್ಣು ಮುಚ್ಚಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಒಳಗಿನ ಗಾಳಿಯಲ್ಲಿ ಉಸಿರಿಗೆ ಬೇಕಾದ ಆಮ್ಲಜನಕ ಮುಗಿದಿರುವುದರಿಂದ ಹುಳವೂ ಬದುಕುವುದಿಲ್ಲ, ಇಳಿದ ಮನುಷ್ಯನೂ ಬದುಕುವುದಿಲ್ಲ. ತೆಗೆದ ಕೂಡಲೇ ಇಳಿದು ಸತ್ತವರ ಕಥೆ ನಮ್ಮ ಕಡೆ ಊರೂರಿಗೂ ಇದೆ. ದೀಪ ಆರಿದರೆ ಇಳಿಯಲೇಬಾರದು. ಉರಿದರೂ ನಂಬಿ ಇಳಿಯಬೇಡಿ, ಕೆಲವು ವಿಷಗಾಳಿಗೆ ದೀಪ ಆರುವುದಿಲ್ಲ. ಹಳೆಯ ಹಗೇವು ಸಿಕ್ಕಿದರೆ ಮೇಲಿನಿಂದಲೇ ಅಗಲಕ್ಕೆ ಒಡೆದು ಬಯಲು ಮಾಡುವುದೊಂದೇ ದಾರಿ.

ನಮ್ಮ ಹಗೇವು ಖಾಲಿಯಾಗಿ ಎಷ್ಟೋ ವರ್ಷವಾಗಿತ್ತು. ಅದನ್ನು ತುಂಬಿಸಿರಲಿಲ್ಲ, ಬಾಯಿ ಮಾತ್ರ ಮುಚ್ಚಿದ್ದರು. ನಾವು ಒಗೆಯುವ ಕಲ್ಲು ಮಾಡಿಕೊಂಡದ್ದು ಅದರ ಮುಚ್ಚಳ! ಕತ್ತಿನಲ್ಲಿದ್ದ ಮಣ್ಣು ಒಂದು ಮಳೆಗಾಲದ ನೀರಿಗೆ ಕರಗಿ ಕೆಳಗೆ ಬಿದ್ದಿತ್ತು, ಸುತ್ತಲ ಮಣ್ಣೂ ಅದರ ಹಿಂದೆ ಹೋಗಿತ್ತು. ನಾಲ್ಕು ಇಂಚಿನ ಕಾಂಕ್ರೀಟ್ ಗಾಳಿಯ ಮೇಲೆ ನಿಂತಿತ್ತು.

"ತಾತ, ಮೊದಲೇ ಒಂದು ಮಾತು ಹೇಳಬಾರದಿತ್ತಾ?" ಅಂದೆ.

"ನೀ ಬಂದು ಕೇಳಿದ್ಯೇನಪ್ಪಾ?" ಅಂದರು.

ನಿಜ. ಹಳೆಯ ಹಿತ್ತಲಲ್ಲಿ ಏನೇ ಕಟ್ಟುವ ಮೊದಲು ಊರಿನ ಹಿರಿಯರನ್ನು ಕರೆದು ಎಲೆ ಅಡಿಕೆ ಕೊಟ್ಟು ಕೇಳಿ. ಹಗೇವು, ಮುಚ್ಚಿದ ಬಾವಿ, ಹಳೆಯ ತಿಪ್ಪೆಗುಂಡಿ, ಸುಣ್ಣದ ಗುಂಡಿ, ಬಿದ್ದ ಮನೆಯ ಅಡಿಪಾಯ ಎಲ್ಲಿತ್ತು ಎಂಬುದು ಅವರ ತಲೆಯಲ್ಲಿರುತ್ತದೆ. ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಹಾರೆ ಪರೀಕ್ಷೆ

ಹಿರಿಯರ ನಂತರ ಹಾರೆ. ಎರಡನೇ ಸಲ ನಾನು ಮೂರು ಅಡಿಗೊಂದರಂತೆ ಇಡೀ ಜಾಗಕ್ಕೆ ಹಾರೆ ಹಾಕಿ ನೋಡಿದೆ. ಒಂದೇ ಬಲದಲ್ಲಿ ಎತ್ತಿ ಹಾಕಿದರೆ ಗಟ್ಟಿ ನೆಲದಲ್ಲಿ ನಾಲ್ಕೈದು ಇಂಚು ಇಳಿದು 'ಠಣ್' ಅನ್ನುತ್ತದೆ. ಸಡಿಲ ಜಾಗದಲ್ಲಿ 'ಪುಸ್' ಎಂದು ಒಂದಡಿ ಹೋಗುತ್ತದೆ. ಹೋದ ಕಡೆಯೆಲ್ಲ ಸುಣ್ಣದ ಗುರುತು ಹಾಕಿದೆ. ಹಗೇವಿನ ಜಾಗ ಬಿಟ್ಟು ಇನ್ನೂ ಮೂರು ಕಡೆ ಗುರುತು ಬಿತ್ತು. ಒಂದು ಹಳೆಯ ತಿಪ್ಪೆಯ ಅಂಚು, ಒಂದು ಹೆಗ್ಗಣದ ಬಿಲ, ಇನ್ನೊಂದು ಎಂದೋ ಕಡಿದ ಹಲಸಿನ ಬೊಡ್ಡೆ, ಒಳಗೆ ಪೂರ್ತಿ ಗೊಬ್ಬರವಾಗಿತ್ತು. ಅಜ್ಜನ ಕಾಲದಿಂದ ತುಳಿದ ನೆಲ ಅಂತ ನಾನು ನಂಬಿದ್ದೆನಲ್ಲ, ತುಳಿದದ್ದು ಮೇಲಿನ ಐದಾರು ಇಂಚು ಮಾತ್ರ. ರೋಣಗಲ್ಲಿನ ಪೆಟ್ಟು ಅದಕ್ಕಿಂತ ಕೆಳಗೆ ಹೆಚ್ಚು ಮುಟ್ಟುವುದಿಲ್ಲ.

ಮೇಲ್ಮಣ್ಣನ್ನು ಮುಕ್ಕಾಲು ಅಡಿ ಪೂರ್ತಿ ತೆಗೆದುಬಿಡಬೇಕು. ಬೇರು, ಸಗಣಿ, ಹುಲ್ಲು ಇರುವ ಕಪ್ಪು ಮಣ್ಣು ಬೆಳೆಗೆ ಚಿನ್ನ, ಕಾಂಕ್ರೀಟಿಗೆ ಶತ್ರು. ಅದು ಕೊಳೆಯುತ್ತಾ ಹೋದಂತೆ ಕುಗ್ಗುತ್ತದೆ, ಮೇಲಿನ ಹಾಸಿಗೆ ಆಸರೆ ತಪ್ಪುತ್ತದೆ. ನಮ್ಮ ಕಣದ ಮೇಲ್ಮಣ್ಣು ತೆಂಗಿನ ಪಾತಿಗೆ ಹೋಯಿತು. ಆ ಎರಡು ಮರಗಳ ಫಸಲು ನೋಡಿದರೆ ಕಣ ಒಡೆದದ್ದರಿಂದ ಲಾಭವಾದದ್ದು ಅವಕ್ಕೆ ಮಾತ್ರ.

ಮಣ್ಣಿನ ಹದ

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನೆಲ ಒಂದೇ ಥರ ಇಲ್ಲ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಗಳಲ್ಲಿ ಹೆಚ್ಚಾಗಿ ಕೆಂಪು ಗರಸು, ಅಂಥವರು ಪುಣ್ಯವಂತರು. ಹಾಸನದ ಆಲೂಗೆಡ್ಡೆ ಹೊಲದ ಕೆಂಪು ಮಣ್ಣೂ ಪರವಾಗಿಲ್ಲ. ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೆಳೆಯುವ ಕಡೆಯದು ಕೆಂಪು ಮರಳು ಮಿಶ್ರ ನೆಲ. ಅದೇ ತಾಲ್ಲೂಕಿನ ಪಶ್ಚಿಮಕ್ಕೆ, ಮಲೆನಾಡಿನ ಸೆರಗಿಗೆ ಹೋದಷ್ಟೂ ಮಳೆ ಹೆಚ್ಚು, ನೀರು ಹೊರಹಾಕುವ ಚಿಂತೆ ಹೆಚ್ಚು. ಹೊಳೆನರಸೀಪುರದಲ್ಲಿ ನಾಲೆ ಬಯಲು, ಕೆರೆ ಹಿಂದಿನ ಗದ್ದೆಗಳ ಜಿಗುಟು ಮಣ್ಣು ತೊಂದರೆಯದು. ಗೊರೂರಿನ ಹೇಮಾವತಿ ಅಣೆಕಟ್ಟಿನ ನೀರು ನಾಲೆಗೆ ಬಿಟ್ಟಾಗ ತಗ್ಗಿನ ಹಿತ್ತಲುಗಳಲ್ಲಿ ನೆಲ ಒಳಗಿನಿಂದಲೇ ಒದ್ದೆಯಾಗುತ್ತದೆ.

ಮಣ್ಣು ಎಂಥದ್ದು ಎಂದು ತಿಳಿಯಲು ಒದ್ದೆ ಮಣ್ಣನ್ನು ಕೈಯಲ್ಲಿ ಹೊಸೆದು ಬತ್ತಿ ಮಾಡಿ ನೋಡಿ. ನಿಲ್ಲದೆ ಉದುರಿದರೆ ಮರಳು ಹೆಚ್ಚು. ಉದ್ದಕ್ಕೆ ಬತ್ತಿಯಾಗಿ, ಬಗ್ಗಿಸಿದರೂ ಮುರಿಯದಿದ್ದರೆ ಜೇಡಿ ಹೆಚ್ಚು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುವ ಎರೆ ನೆಲವಾದರೆ ಪರೀಕ್ಷೆಯೇ ಬೇಡ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಮೇಲಿನ ಕಾಂಕ್ರೀಟನ್ನು ಎತ್ತಿ ಎತ್ತಿ ಹಾಕುತ್ತದೆ. ಅಂಥ ಕಡೆ ಒಂದೂವರೆ ಎರಡು ಅಡಿ ಎರೆ ಮಣ್ಣು ತೆಗೆದು ಗರಸು ತುಂಬಬೇಕು, ಸುತ್ತ ನೀರು ಹೋಗಲು ಕಾಲುವೆ ತೆಗೆಯಬೇಕು. ಅಷ್ಟು ಖರ್ಚು ಮಾಡುವ ಬದಲು ಹೊಲದ ದಿಣ್ಣೆಯ ಕಡೆ ಕಣ ಮಾಡುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಇನ್ನು ತುಂಬುವ ವಿಷಯ. ಇಲ್ಲಿ ಮಾತ್ರ ಸ್ವಲ್ಪವೂ ಅವಸರ ಕೂಡದು.

ಹಗೇವನ್ನು ಜೆಸಿಬಿಯಲ್ಲಿ ಮೇಲಿನಿಂದ ಅಗಲ ಮಾಡಿಸಿ, ಬದಿಗಳನ್ನು ಇಳಿಜಾರು ಮಾಡಿ, ಎರಡು ದಿನ ಬಯಲಿಗೆ ಬಿಟ್ಟೆ. ತಳಕ್ಕೆ ದಪ್ಪ ಕಲ್ಲು, ಸಂದಿಗೆ ಗರಸು. ಅದರ ಮೇಲೆ ಆರಿಂಚು ಗರಸು ಹರಡುವುದು, ನೀರು ಚಿಮುಕಿಸುವುದು, ದಿಮ್ಮಿಸು ಹೊಡೆದು ನಾಲ್ಕು ಇಂಚಿಗೆ ಇಳಿಸುವುದು. ಮತ್ತೆ ಆರಿಂಚು. ಹೀಗೆ ಪದರ ಪದರ. ಹಗೇವಿನ ಹೊಟ್ಟೆಗೇ ಮೂರು ಟ್ರೇಲರ್ ಗರಸು ಹಿಡಿಯಿತು, ಅಗಲ ಮಾಡಿದ್ದಕ್ಕೆ ಬೇರೆ. ಎರಡಡಿ ಮಣ್ಣು ಒಟ್ಟಿಗೆ ಸುರಿದು ಮೇಲೆ ಎಷ್ಟೇ ಬಡಿದರೂ ಮೇಲಿನ ಅರ್ಧ ಅಡಿ ಗಟ್ಟಿಯಾಗುತ್ತದೆ, ಕೆಳಗಿನದು ಹಾಗೇ ಸಡಿಲ ಉಳಿಯುತ್ತದೆ. 'ನೀರು ಕಟ್ಟಿದರೆ ತಾನೇ ಕೂತ್ಕೊಳ್ಳುತ್ತೆ' ಎಂದು ಹೇಳುವವರಿದ್ದಾರೆ. ಮರಳಿಗೆ ಅದು ನಡೆಯುತ್ತದೆ. ಜೇಡಿ ಬೆರೆತ ಮಣ್ಣಿಗೆ ನೀರು ಕಟ್ಟಿದರೆ ಕೆಸರಾಗುತ್ತದೆ ಅಷ್ಟೇ.

ನೀರು ಎಷ್ಟು ಚಿಮುಕಿಸಬೇಕು? ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ. ಉಂಡೆ ನಿಲ್ಲಬೇಕು, ಕೈಗೆ ಮೆತ್ತಬಾರದು. ಎದೆಯ ಎತ್ತರದಿಂದ ಬಿಟ್ಟರೆ ನಾಲ್ಕಾರು ತುಂಡಾಗಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು. ತೀರಾ ಒಣಗಿದ ಮಣ್ಣೂ ಗಟ್ಟಿ ಕೂರುವುದಿಲ್ಲ, ತೀರಾ ಒದ್ದೆಯದೂ ಕೂರುವುದಿಲ್ಲ, ನಡುವೆ ಒಂದು ಹದ ಇದೆ. ಇದನ್ನು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದ ಪ್ರಾಕ್ಟರ್ ಎಂಬ ಎಂಜಿನಿಯರು 1933ರಲ್ಲಿ ಅಳತೆ ಮಾಡಿ ಬರೆದಿಟ್ಟರು. ಇವತ್ತಿಗೂ ರಸ್ತೆ ಮಾಡುವವರು ಅವರ ಹೆಸರಿನ ಪರೀಕ್ಷೆಯನ್ನೇ ಮಾಡುತ್ತಾರೆ. ನಮ್ಮ ಅವ್ವ ಕಣ ಸಾರಿಸುವ ಮೊದಲು ಹಿಂದಿನ ಸಂಜೆ ನೀರು ಚಿಮುಕಿಸಿ, ಬೆಳಗ್ಗೆ ಹಿಮ್ಮಡಿಯಲ್ಲಿ ಒತ್ತಿ ನೋಡಿ, "ಈಗ ಹದ ಐತೆ, ಗುಂಡು ಹೂಡ್ರಿ" ಅನ್ನುತ್ತಿದ್ದರು. ಹದ ಅದೇ.

ಆ ನೆನಪಿನಿಂದಲೇ ನಾನು ಮೂಲೆಯಲ್ಲಿ ಬಿದ್ದಿದ್ದ ರೋಣಗಲ್ಲನ್ನು ಎಬ್ಬಿಸಿದೆ. ನೆಂಟರೊಬ್ಬರ ಎತ್ತು ತರಿಸಿ ಮೇಲಿನ ಪದರಗಳಿಗೆ ಓಡಿಸಿದೆವು. ಆರಿಂಚು ಪದರಕ್ಕೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಮೂಲೆಗಳಿಗೆ, ಅಂಚಿಗೆ ದಿಮ್ಮಿಸೇ ಬೇಕು. ಊರಿನ ಮಕ್ಕಳೆಲ್ಲ ನೋಡಲು ಬಂದಿದ್ದರು, ಅವರಲ್ಲಿ ಹಲವರು ರೋಣಗಲ್ಲು ಉರುಳಿದ್ದನ್ನು ಕಂಡದ್ದು ಅದೇ ಮೊದಲು.

ಇಷ್ಟಾದದ್ದು 2014ರ ಮಾರ್ಚಿಗೆ. ಕಾಂಕ್ರೀಟ್ ಹಾಕಿಸಲಿಲ್ಲ. ಒಂದು ಮಳೆಗಾಲ ಹಾಗೇ ಬಿಟ್ಟೆ. ಮನೆಯಲ್ಲಿ ಬೈಗುಳ ಬಿತ್ತು. ಆ ಸಲದ ರಾಗಿಯನ್ನು ಬಾಡಿಗೆ ಟಾರ್ಪಾಲು ತಂದು ಆ ಗರಸಿನ ನೆಲದ ಮೇಲೇ ಹಾಸಿ ಒಕ್ಕಿದೆವು. ಮಳೆಗೆ ಹಗೇವಿನ ಜಾಗ ಇನ್ನೂ ಒಂದಿಂಚು ಕೂತಿತು. ಆ ಒಂದಿಂಚು ಕಾಂಕ್ರೀಟ್ ಹಾಕಿದ ಮೇಲೆ ಕೂತಿದ್ದರೆ ಮತ್ತೆ ಬಿರುಕು ಬರುತ್ತಿತ್ತು.

ಹೊಂಡ, ತೊಟ್ಟಿಯ ಪಕ್ಕ

ಹಗೇವು ಎಲ್ಲರ ಹಿತ್ತಲಲ್ಲೂ ಇರಲಾರದು. ಆದರೆ ಸಡಿಲ ಮಣ್ಣಿನ ಇದೇ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಬಹಳ ಜನ ಕೃಷಿ ಹೊಂಡ ತೆಗೆಸಿದರು. ತೆಗೆದ ಮಣ್ಣನ್ನು ಸುತ್ತ ಏರಿ ಹಾಕಿ ಸಮ ಮಾಡಿದರೆ ಒಳ್ಳೆಯ ಅಗಲ ಜಾಗ ಕಾಣುತ್ತದೆ. 'ಇಲ್ಲೇ ಕಾಂಕ್ರೀಟ್ ಹಾಕಿಬಿಟ್ಟರೆ ಕಣವೂ ಆಯ್ತು, ಹೊಂಡದ ದಡವೂ ಭದ್ರ' ಎಂಬ ಆಸೆ ಸಹಜ. ನನ್ನ ಪರಿಚಯದ ಒಬ್ಬರು ಹಾಗೆ ಮಾಡಿದರು. ಎರಡನೇ ಮಳೆಗೆ ಹೊಂಡದ ಕಡೆಯ ಅಂಚು ಮೂರಿಂಚು ತಗ್ಗಿ, ಕಣ ಹೊಂಡಕ್ಕೆ ನಮಸ್ಕಾರ ಮಾಡುತ್ತ ನಿಂತಿತು. ಜೆಸಿಬಿ ಸುರಿದ ಮಣ್ಣು ಪದರ ಪದರವಾಗಿ ಗಟ್ಟಿಯಾದದ್ದಲ್ಲ, ಮೂರ್ನಾಲ್ಕು ಮಳೆಗಾಲ ಕೂರುತ್ತಲೇ ಇರುತ್ತದೆ. ಸಿಮೆಂಟ್ ತೊಟ್ಟಿ ಕಟ್ಟಿದಾಗಲೂ ಗೋಡೆಯ ಹೊರಗಡೆ ಎರಡಡಿ ಅಗಲದ ಜಾಗಕ್ಕೆ ಸಡಿಲ ಮಣ್ಣು ತುಂಬಿರುತ್ತಾರೆ. ಅದರ ಮೇಲೆ ಹಾಸು ಹಾಕಿದರೆ ಮೊದಲು ಬಿರುಕು ಬಿಡುವುದು ಅಲ್ಲೇ. ಸಕಲೇಶಪುರದ ಕಡೆ ಹೋಂಸ್ಟೇಗಳಲ್ಲಿ ಈಜುಕೊಳ ಮಾಡಿಸಿ ಸುತ್ತ ಕಾಂಕ್ರೀಟ್ ಹಾಸುವವರಿಗೂ ಈ ಮಾತು ಅನ್ವಯಿಸುತ್ತದೆ. ಕೊಳದ್ದಾಗಲಿ ಕಣದ್ದಾಗಲಿ, ಕೆಳಗಿನ ಮಣ್ಣು ಒಂದೇ.

ಹೊಂಡದ ಪಕ್ಕವೇ ಬೇಕೆಂದಿದ್ದರೆ ಹೊಂಡ ಎಷ್ಟು ಆಳವೋ ಕನಿಷ್ಠ ಅಷ್ಟು ದೂರ, ಅಗೆಯದ ಮೂಲ ನೆಲದ ಮೇಲೆ ಕಣ ಮಾಡಿ. ನೀರನ್ನು ಮಾತ್ರ ಹೊಂಡಕ್ಕೆ ಬಿಟ್ಟುಕೊಳ್ಳಬಹುದು. ನನ್ನ ಕಣ 900 ಚದರಡಿ. ಒಂದಿಂಚು ಮಳೆಗೆ ಎರಡು ಸಾವಿರ ಲೀಟರ್ ನೀರು ಬೀಳುತ್ತದೆ. ಅದನ್ನು ನಾನು ಒಂದು ಸಣ್ಣ ಕಾಲುವೆಯಲ್ಲಿ ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ತಿರುಗಿಸಿದ್ದೇನೆ.

ಆ ನೀರು ಹರಿಯಬೇಕಾದರೆ ವಾಟ ಬೇಕು. 30 ಅಡಿಗೆ ನಾಲ್ಕು ಇಂಚು ಕೊಟ್ಟೆ. ವಾಟವನ್ನು ನೆಲದಲ್ಲೇ ಕೊಡಬೇಕು, ಕಾಂಕ್ರೀಟಿನಲ್ಲಿ ಅಲ್ಲ. ಮೇಸ್ತ್ರಿಗಳು ನೆಲ ಸಮ ಇಟ್ಟು ಒಂದು ಕಡೆ ಕಾಂಕ್ರೀಟ್ ದಪ್ಪ, ಇನ್ನೊಂದು ಕಡೆ ತೆಳು ಮಾಡಿ ವಾಟ ತೋರಿಸಿಬಿಡುತ್ತಾರೆ. ತೆಳು ಕಡೆ ಒಡೆಯುತ್ತದೆ. ಪಾರದರ್ಶಕ ಪೈಪಿಗೆ ನೀರು ತುಂಬಿ ಟ್ಯೂಬ್ ಲೆವೆಲ್ ನೋಡಿ, ನಾಲ್ಕು ಮೂಲೆಗೂ ನಡುವೆಯೂ ಗೂಟ ಹೊಡೆದು ದಾರ ಕಟ್ಟಿದರೆ ಯಾರೂ ಮೋಸ ಮಾಡಲಾಗದು. ದಾರದಿಂದ ನೆಲಕ್ಕೆ ಎಲ್ಲ ಕಡೆ ಒಂದೇ ಅಳತೆ ಬರಬೇಕು.

ಗರಸಿನ ಮೇಲಿಂದ ಕಾಂಕ್ರೀಟಿನವರೆಗೆ

ಮೂಲ ನೆಲದ ಮೇಲೆ ಇಡೀ ಕಣಕ್ಕೆ ಆರಿಂಚು ಗರಸು, ಎರಡು ಪದರದಲ್ಲಿ. ಅದಕ್ಕೆ ಏಳು ಟ್ರೇಲರ್ ಬೇಕಾಯಿತು. ಮೇಲೆ ಒಂದೂವರೆ ಇಂಚು ಜಲ್ಲಿಪುಡಿ, ಚೂಪು ಕಲ್ಲು ಮೇಲೆ ಕಾಣದಂತೆ. ಅದರ ಮೇಲೆ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ, ಒಂದರ ಮೇಲೊಂದು ಒಂದಡಿ ಬರುವ ಹಾಗೆ. ರಸ್ತೆಗೆ ಇದು ಬೇಕೋ ಬೇಡವೋ, ಕಣಕ್ಕೆ ಬೇಕೇ ಬೇಕು. ಇಲ್ಲದಿದ್ದರೆ ರಾತ್ರಿ ರಾಶಿ ಮುಚ್ಚಿಟ್ಟಾಗ ನೆಲದ ತೇವ ಕಾಂಕ್ರೀಟಿನ ಮೂಲಕ ಮೇಲಕ್ಕೆ ಬಂದು ಅಡಿಯ ರಾಗಿ ತಣ್ಣಗಾಗುತ್ತದೆ. ಮೊದಲ ಕಣದಲ್ಲಿ ನನಗಾದ ಅನುಭವ ಇದು.

ಅಂಚಿನ ಸುತ್ತ ಒಂದಡಿ ಆಳ, ಮುಕ್ಕಾಲು ಅಡಿ ಅಗಲ ಕಾಲುವೆ ತೋಡಿ, ಹಾಸಿನ ಜೊತೆಗೇ ಕಾಂಕ್ರೀಟ್ ಇಳಿಸಿದೆ. ಹೆಗ್ಗಣಕ್ಕೆ ಕಾಂಕ್ರೀಟ್ ಹಾಸಿಗಿಂತ ಒಳ್ಳೆಯ ಸೂರು ಇನ್ನೊಂದಿಲ್ಲ. ಮೇಲೆ ರಾಗಿ, ಕೆಳಗೆ ಬೆಚ್ಚಗಿನ ಬಿಲ. ಅದು ಮಣ್ಣು ಹೊರಗೆ ಹಾಕಿದಷ್ಟೂ ಒಳಗೆ ಪೊಳ್ಳು. ಈ ಅಂಚು ಹೆಗ್ಗಣವನ್ನೂ ತಡೆಯುತ್ತದೆ, ಮಳೆನೀರು ಅಡಿಮಣ್ಣನ್ನು ಕೊಚ್ಚುವುದನ್ನೂ ತಡೆಯುತ್ತದೆ.

2015ರ ಫೆಬ್ರವರಿಯಲ್ಲಿ ಕಾಂಕ್ರೀಟ್ ಬಿತ್ತು. ಒಂದಕ್ಕೆ ಎರಡು ಮರಳು, ನಾಲ್ಕು ಜಲ್ಲಿ. ಹಾಸಿಗೇ 54 ಮೂಟೆ ಸಿಮೆಂಟ್ ಹಿಡಿಯಿತು, ಅಂಚಿನ ಲೆಕ್ಕ ಬೇರೆ. ಅದರ ವಿವರ ಮೇಸ್ತ್ರಿಗಳಿಗೆ ಗೊತ್ತಿರುವುದೇ. ನೀರು ಹೆಚ್ಚು ಹಾಕಿ ಪಾಯಸ ಮಾಡದಂತೆ ನಿಂತು ನೋಡಿಕೊಂಡರೆ ಸಾಕು. ಕಬ್ಬಿಣದ ಜಾಲರಿ ಹಾಕಿಸಿದ್ದು ಟ್ರ್ಯಾಕ್ಟರ್ ಹತ್ತುವ ಮೂರು ಚೌಕಕ್ಕೆ ಮಾತ್ರ, ಅಲ್ಲಿ ದಪ್ಪವೂ ಐದಿಂಚು. ಅದಕ್ಕಾಗಿ ಅಲ್ಲಿ ನೆಲವನ್ನೇ ಒಂದಿಂಚು ತಗ್ಗಿಸಿದ್ದೆ. ಕಬ್ಬಿಣ ಹಾಕಿದರೆ ನೆಲ ಹೇಗಿದ್ದರೂ ನಡೆಯುತ್ತದೆ ಎಂದು ತಿಳಿಯಬೇಡಿ. ಅದು ಬಿರುಕು ಬಾಯಿ ಬಿಡದಂತೆ ಹಿಡಿದುಕೊಳ್ಳುತ್ತದೆ, ಕುಸಿಯುವ ನೆಲವನ್ನು ಹಿಡಿದುಕೊಳ್ಳುವುದಿಲ್ಲ.

ಇಡೀ ಕಣವನ್ನು ಒಂದೇ ಹಾಸಾಗಿ ಬಿಡದೆ ಹತ್ತಡಿಗೊಂದು ಗೀರು ಕೊಟ್ಟು ಒಂಬತ್ತು ಚೌಕ ಮಾಡಿದೆವು. ಗೀರಿನ ಆಳ ಒಂದಿಂಚು. ಕಾಂಕ್ರೀಟ್ ಒಣಗುವಾಗ ಕುಗ್ಗಿಯೇ ಕುಗ್ಗುತ್ತದೆ, ಬಿರುಕು ಬಿಟ್ಟೇ ಬಿಡುತ್ತದೆ. ಗೀರು ಇದ್ದರೆ ಅದರೊಳಗೇ ಬಿಡುತ್ತದೆ. ಶ್ರವಣಬೆಳಗೊಳಕ್ಕೆ ಹೋದವರು ಚಿಕ್ಕದೇವರಾಜ ಒಡೆಯರು ಕಟ್ಟಿಸಲು ತೊಡಗಿದ ಕಲ್ಯಾಣಿಯನ್ನು ನೋಡಿರುತ್ತೀರಿ. ಕೊಳದ ಸುತ್ತ ಕಲ್ಲಿನ ಮೆಟ್ಟಿಲು. ಕಲ್ಲಿನ ಕೆಲಸಕ್ಕೆ ಸಂದು ತಾನಾಗೇ ಇರುತ್ತದೆ. ಒಂದು ಕಲ್ಲು ಕೂದಲೆಳೆ ಕದಲಿದರೆ ಪಕ್ಕದ್ದು ಒಡೆಯುವುದಿಲ್ಲ. ಕಾಂಕ್ರೀಟಿಗೆ ಆ ಸಂದನ್ನು ನಾವು ಕೊಡಬೇಕು. ಆದರೆ ರಾಗಿಯವರಿಗೆ ಒಂದು ಎಚ್ಚರಿಕೆ. ಗೀರನ್ನು ತೆರೆದು ಬಿಟ್ಟರೆ ಪ್ರತಿ ಒಕ್ಕಣೆಗೂ ಸೇರುಗಟ್ಟಲೆ ರಾಗಿ ಅದರೊಳಗೆ ಹೋಗುತ್ತದೆ, ಮಳೆಗೆ ಪೈರಾಗಿ ಏಳುತ್ತದೆ. ಡಾಂಬರಿಗೆ ಮರಳು ಕಲಸಿ ಮುಚ್ಚಿ. ಎರಡು ವರ್ಷಕ್ಕೊಮ್ಮೆ ಮತ್ತೆ ಮುಚ್ಚಬೇಕಾಗುತ್ತದೆ.

ಮನೆಯ ಗೋಡೆಗೆ ತಾಗುವ ಕಡೆ ಅರ್ಧ ಇಂಚು ಥರ್ಮೋಕೋಲ್ ಇಟ್ಟು ಹಾಸನ್ನು ಬಿಡಿಸಿದೆ. ಹಾಕಿದ ಮಾರನೆಯ ದಿನದಿಂದ ಮಣ್ಣಿನ ಪಾತಿ ಕಟ್ಟಿ ಹದಿನಾಲ್ಕು ದಿನ ನೀರು ನಿಲ್ಲಿಸಿದೆ, ಸಸಿಮಡಿಗೆ ನಿಲ್ಲಿಸಿದ ಹಾಗೆ. ಟ್ರ್ಯಾಕ್ಟರ್ ಹತ್ತಿಸಿದ್ದು ಒಂದು ತಿಂಗಳ ಮೇಲೆ. ಮೊದಲ ಸಲ ಹತ್ತಿಸಿದಾಗ ಡ್ರೈವರ್ ಹುಡುಗ, "ಅಣ್ಣಾ, ನೀವೇ ಮುಂದೆ ನಡೀರಿ" ಅಂದ. ನಡೆದೆ. ಹಗೇವಿನ ಜಾಗದ ಮೇಲೆ ಬಂದಾಗ ನನ್ನ ಕಾಲೂ ಸ್ವಲ್ಪ ಹಗುರವಾಗಿಯೇ ಬಿದ್ದಿತು.

ಅಂದಿನಿಂದ ಪ್ರತಿ ವರ್ಷ ರಾಗಿ ಅದರ ಮೇಲೇ ಒಕ್ಕುತ್ತಿದ್ದೇವೆ. ನಾವು ಮುಗಿಸಿದ ಮೇಲೆ ಅಕ್ಕಪಕ್ಕದ ನಾಲ್ಕು ಮನೆಯವರು ತರುತ್ತಾರೆ, ಬೇಸಿಗೆಯಲ್ಲಿ ಕೊಬ್ಬರಿ ಒಣಗುತ್ತದೆ. ನಡುವಿನ ಚೌಕದಲ್ಲಿ ಇಂದಿಗೂ ನೀರು ನಿಂತಿಲ್ಲ. ಹಗೇವಿನ ಮುಚ್ಚಳ ಮಾತ್ರ ತೊಟ್ಟಿಯ ಪಕ್ಕದಲ್ಲೇ ಇದೆ, ಬಟ್ಟೆ ಒಗೆಯಲು ಅದೇ ಕಲ್ಲು.

ಹೋದ ವರ್ಷದಿಂದ ಈಶಾನ್ಯ ಮೂಲೆಯ ಚೌಕ ಅರ್ಧ ಇಂಚು ಮೇಲೆದ್ದಿದೆ. ಬೇಲಿಯ ಹೊಂಗೆ ಮರದ ಬೇರು ಅಂಚಿನ ಅಡಿಯಿಂದ ನುಸುಳಿರಬೇಕು, ಆಗ ಅದು ಚಿಕ್ಕ ಗಿಡವಾಗಿತ್ತು, ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಒಕ್ಕಣೆಯ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂರುವುದು ಅದರ ನೆರಳಲ್ಲೇ. ಕಡಿಯಲು ಮನಸ್ಸಿಲ್ಲ. ಈ ಫೆಬ್ರವರಿಗೆ ಆ ಒಂದು ಚೌಕವನ್ನು ಮಾತ್ರ ಒಡೆದು, ಬೇರು ತೆಗೆದು, ಎರಡಡಿ ಒಳಗೆ ಸರಿದು ಹೊಸ ಅಂಚು ಕಟ್ಟಬೇಕೆಂದಿದ್ದೇನೆ. ಗರಸು ತರಿಸಿ ಇಟ್ಟಿದ್ದಾಗಿದೆ.